ವಿಳಾಸ ಬರೆದ ಲಕೋಟೆಯನ್ನು ಕೊಡುವ ಗುಂಡಿ

ನಮ್ಮ ಹಿರಿಯರು ಪತ್ರ ವ್ಯವಹಾರಕ್ಕೆ ಬಳಸುತ್ತಿದ್ದ ಜವಾಬು ಕಾರ್ಡನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕಂಡಿರಲಾರರು. ಅದು ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಕಾರ್ಡುಗಳ ಜೋಡಿ. ಒಂದರ ಮೇಲೆ ಸಮಾಚಾರವನ್ನು ಬರೆದು, ಇನ್ನೊಂದರ ಮೇಲೆ ತಮ್ಮದೇ ವಿಳಾಸವನ್ನು ಮುಂಚಿತವಾಗಿ ಬರೆದು ಅಂಚೆಗೆ ಹಾಕುತ್ತಿದ್ದರು. ಕಾರ್ಡು ತಲುಪಿದವನು ಎರಡನೆಯ ಭಾಗವನ್ನು ಹರಿದುಕೊಂಡು, ನಾಲ್ಕು ಸಾಲು ಬರೆದು, ಅಂಚೆಪೆಟ್ಟಿಗೆಗೆ ಹಾಕಿದರೆ ಸಾಕಾಗಿತ್ತು. ವಿಳಾಸವನ್ನು ಹುಡುಕುವ ಶ್ರಮವಿಲ್ಲ. ಅದನ್ನು ತಪ್ಪಾಗಿ ಬರೆಯುವ ಭಯವೂ ಇಲ್ಲ. ಉತ್ತರ ಬರೆಯಲು ಸೋಮಾರಿಯಾದವನೂ ಬರೆಯುವಂತೆ ಮಾಡಿದ ಸರಳ ಉಪಾಯವದು.

ಈ ಹಳೆಯ ಉಪಾಯವೇ ವೇಷ ಬದಲಿಸಿಕೊಂಡು ಇಂದು ಗಣಕಯಂತ್ರದೊಳಗೆ ಬಂದು ಕುಳಿತಿದೆ. ಸ್ಪ್ರೆಡ್‌ಶೀಟ್ ಎಂಬ ಲೆಕ್ಕದ ಹಾಳೆಯ ನೆತ್ತಿಯಲ್ಲಿ ಸಣ್ಣ ಚಿತ್ರಗಳ ಸಾಲೊಂದು ಇರುತ್ತದೆ. ಅದಕ್ಕೆ ಟೂಲ್‌ಬಾರ್ ಎಂದು ಹೆಸರು. ಆ ಸಾಲಿನಲ್ಲಿ ನಾವೇ ಒಂದು ಗುಂಡಿಯನ್ನು ಸೇರಿಸಿ, ಅದನ್ನು ಒತ್ತಿದಾಕ್ಷಣ ವಿಳಾಸ, ವಿಷಯ, ಒಕ್ಕಣೆಗಳೆಲ್ಲ ಸಿದ್ಧವಾಗಿರುವ ಇ-ಮೇಲ್ ಪತ್ರವು ತೆರೆದುಕೊಳ್ಳುವಂತೆ ಮಾಡಬಹುದು. ಹಾಳೆಯನ್ನು ಬಳಸುವವನಿಗೆ ತೊಡಕು ಎದುರಾದಾಗ ಸಹಾಯ ಕೇಳಲು ಇದೊಂದು ಸುಲಭವಾದ ದಾರಿ. ಈ ಗುಂಡಿಯು ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಯಾವುದನ್ನು ಒಪ್ಪಿಸಬೇಕು, ಯಾವುದನ್ನು ಒಪ್ಪಿಸಕೂಡದು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ಒಂದು ಪತ್ರದ ಕಥೆ

ಮೊದಲು, ಈ ಗುಂಡಿಯ ಅವಶ್ಯಕತೆಯು ನಮಗೆ ಮನವರಿಕೆಯಾದ ಬಗೆಯನ್ನು ಹೇಳಬೇಕು. ಬಿ.ಎಸ್‌ಸಿ. ಮೊದಲ ವರ್ಷದ ಭೌತಶಾಸ್ತ್ರ ಪ್ರಯೋಗಗಳಿಗಾಗಿ ನಾವು ಲೆಕ್ಕದ ಹಾಳೆಗಳ ಒಂದು ಪುಸ್ತಕವನ್ನು ಗಣಕದಲ್ಲಿ ಸಿದ್ಧಪಡಿಸಿದ್ದೆವು. ಒಂದೊಂದು ಪ್ರಯೋಗಕ್ಕೆ ಒಂದೊಂದು ಹಾಳೆ. ವಿದ್ಯಾರ್ಥಿಗಳು ತಾವು ಅಳೆದುದನ್ನು ಗೊತ್ತಾದ ಮನೆಗಳಲ್ಲಿ ತುಂಬಿದರೆ ಫಲಿತಾಂಶವು ತಾನಾಗಿಯೇ ಮೂಡುತ್ತಿತ್ತು. ರೆಕಾರ್ಡು ಪುಸ್ತಕವನ್ನು ಒಪ್ಪಿಸಲು ಎರಡೇ ದಿನ ಉಳಿದಿರುವಾಗ, ಒಂದು ರಾತ್ರಿ, ಓರ್ವ ವಿದ್ಯಾರ್ಥಿನಿಯಿಂದ ನಮಗೊಂದು ಇ-ಮೇಲ್ ಬಂದಿತು. ಅದರ ಒಕ್ಕಣೆ ಇಷ್ಟೇ: "ಸರ್, ಶೀಟಿನಲ್ಲಿ ಉತ್ತರ ತಪ್ಪು ಬರುತ್ತಿದೆ. ದಯವಿಟ್ಟು ಸಹಾಯ ಮಾಡಿ."

ಯಾವ ಹಾಳೆ ಎಂದು ನಾವು ಕೇಳಿದೆವು. ಮರುದಿನ ಬೆಳಗ್ಗೆ "ಲೋಲಕದ್ದು, ಸರ್" ಎಂಬ ಉತ್ತರ ಬಂದಿತು. ಯಾವ ಮನೆಯಲ್ಲಿ ಏನನ್ನು ತುಂಬಿದ್ದೀರಿ ಎಂದು ಮತ್ತೆ ಕೇಳಿದೆವು. ತರಗತಿಗಳು ಮುಗಿದು, ಆಕೆ ಊರಿಗೆ ತಲುಪಿ, "ಎಲ್ಲವನ್ನೂ ಸರಿಯಾಗಿಯೇ ತುಂಬಿದ್ದೇನೆ, ಸರ್" ಎಂದು ಬರೆಯುವಷ್ಟರಲ್ಲಿ ರಾತ್ರಿಯಾಗಿತ್ತು. ಹೀಗೆ ಪತ್ರಗಳು ಓಡಾಡುತ್ತಿರುವಾಗಲೇ ಗಡುವು ಮುಗಿಯಿತು. ಅನಂತರ ರೆಕಾರ್ಡು ಪುಸ್ತಕವನ್ನು ತೆರೆದು ನೋಡಿದರೆ, ಆಕೆ ತಾನು ಅಳೆದಿದ್ದ ಸಂಖ್ಯೆಗಳನ್ನೆಲ್ಲ ಗೀಟೆಳೆದು ಹೊಡೆದುಹಾಕಿ, ಪಕ್ಕದ ಮೇಜಿನವರ ಸಂಖ್ಯೆಗಳನ್ನು ಬರೆದುಕೊಂಡಿದ್ದಳು.

ಹೊಡೆದುಹಾಕಿದ ಸಂಖ್ಯೆಗಳು ಇನ್ನೂ ಓದುವಂತಿದ್ದುವು. ಲೋಲಕದ ಉದ್ದ 100 ಸೆಂಟಿಮೀಟರು. ಒಂದು ಆಂದೋಲನದ ಅವಧಿ 2.006 ಸೆಕೆಂಡು. ಉದ್ದವನ್ನು ಸುಮಾರು 39.48ರಿಂದ (ಎಂದರೆ ಪೈ ವರ್ಗದ ನಾಲ್ಕರಷ್ಟರಿಂದ) ಗುಣಿಸಿ, ಅವಧಿಯ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷವು ದೊರೆಯುತ್ತದೆಯಷ್ಟೆ. ನಮ್ಮ ಹಾಳೆಯು ಉದ್ದವನ್ನು ಮೀಟರಿನಲ್ಲಿ ನಿರೀಕ್ಷಿಸಿತ್ತು. ಆಕೆ ಸೆಂಟಿಮೀಟರಿನಲ್ಲಿ 100 ಎಂದು ತುಂಬಿದ್ದಳು. ಆದಕಾರಣ 9.81 ಬರಬೇಕಾದಲ್ಲಿ 981 ಬಂದಿತ್ತು. ಪಕ್ಕದವರು ಮೀಟರಿನಲ್ಲಿ ತುಂಬಿದ್ದುದರಿಂದ ಅವರಿಗೆ 9.8ರ ಆಸುಪಾಸಿನ ಉತ್ತರ ದೊರೆತಿತ್ತು. ವಸ್ತುತಃ ಆ ತಂಡದಲ್ಲಿ ಅತ್ಯಂತ ನಿಷ್ಕೃಷ್ಟವಾಗಿ ಅಳೆದವಳು ಆಕೆಯೇ. ಮನೆಯ ಪಕ್ಕದಲ್ಲಿ 'ಮೀಟರು' ಎಂದು ಬರೆಯದೆ ಬಿಟ್ಟುದು ನಮ್ಮ ತಪ್ಪು. ತಾನು ಕಣ್ಣಾರೆ ಕಂಡುದನ್ನು ತಾನೇ ನಂಬದೆ ಹೊಡೆದುಹಾಕುವುದು ಭೌತಶಾಸ್ತ್ರದ ವಿದ್ಯಾರ್ಥಿಗೆ ಸಣ್ಣ ನಷ್ಟವಲ್ಲ.

ಈ ವಿಳಂಬಕ್ಕೆ ಕಾರಣವೇನು? ಸಹಾಯ ಕೇಳುವವರಿಗೆ, ಉತ್ತರ ಹೇಳುವವನಿಗೆ ಯಾವ ವಿವರಗಳು ಬೇಕೆಂಬುದು ತಿಳಿದಿರುವುದಿಲ್ಲ. ಅದು ತಿಳಿದಿದ್ದರೆ ಪ್ರಾಯಶಃ ಸಹಾಯವೇ ಬೇಕಾಗುತ್ತಿರಲಿಲ್ಲ. ಆದರೆ ಬೇಕಾದ ವಿವರಗಳೆಲ್ಲವೂ ಆ ಕ್ಷಣದಲ್ಲಿ ಯಂತ್ರದೊಳಗೇ ಇದ್ದುವು: ಹಾಳೆಯ ಹೆಸರು, ಮನೆಯ ಸಂಖ್ಯೆ, ಅದರಲ್ಲಿ ತುಂಬಿದ ಬೆಲೆ. ಪತ್ರದ ಈ ಭಾಗವನ್ನು ಯಂತ್ರವೇ ಬರೆದಿದ್ದರೆ ಒಂದೇ ಸಾಲಿನ ಉತ್ತರದಿಂದ ಕೆಲಸ ಮುಗಿಯುತ್ತಿತ್ತು.

ಹಾಳೆಯೂ ಅಂಚೆಯೂ

ಗಣಕದ ಲೆಕ್ಕದ ಹಾಳೆಯೂ ಇ-ಮೇಲೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಗಳಿಗಾಗಿ ಹುಟ್ಟಿದುವು. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ರಚಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್-2 ಗಣಕಕ್ಕಾಗಿ ಹೊರಬಂದಿತು. ಚದುರಂಗದ ಹಾಸಿನಂತೆ ಅಡ್ಡಸಾಲು ಕಂಬಸಾಲುಗಳಿಂದಾದ ಮನೆಗಳು. ಒಂದು ಮನೆಯ ಸಂಖ್ಯೆಯನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಮನೆಗಳೆಲ್ಲ ತಾವಾಗಿಯೇ ಬದಲಾಗುವುವು. ಇದೇ ಅದರ ಜೀವಾಳ. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ 1985ರಲ್ಲಿ ಮೊದಲು ಮ್ಯಾಕಿಂಟಾಷ್ ಗಣಕಕ್ಕೆ ಬಂದಿತು. 1990ರ ಆವೃತ್ತಿಯಲ್ಲಿ ಅದಕ್ಕೆ ಟೂಲ್‌ಬಾರ್ ಸೇರಿತು. 1993ರಲ್ಲಿ ವಿಷುಯಲ್ ಬೇಸಿಕ್ ಎಂಬ ಭಾಷೆಯ ಒಂದು ರೂಪವನ್ನು ಎಕ್ಸೆಲ್ಲಿನೊಳಗೆ ಅಳವಡಿಸಿದರು. ಅಂದಿನಿಂದ, ಆ ಭಾಷೆಯಲ್ಲಿ ಆಜ್ಞೆಗಳ ಸಣ್ಣ ಸರಣಿಯೊಂದನ್ನು ಬರೆದು ಒಂದು ಗುಂಡಿಗೆ ಕಟ್ಟುವುದು ಸಾಮಾನ್ಯ ಬಳಕೆದಾರನಿಗೂ ಸಾಧ್ಯವಾಯಿತು. ಇಂಥ ಸರಣಿಗೆ ಮ್ಯಾಕ್ರೋ ಎನ್ನುತ್ತಾರೆ.

ಇ-ಮೇಲಿನ ಚರಿತ್ರೆ ಇದಕ್ಕಿಂತ ಹಳೆಯದು. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಅಮೆರಿಕದ ಕೇಂಬ್ರಿಜ್ ನಗರದಲ್ಲಿ, ಅರ್ಪಾನೆಟ್ ಜಾಲಕ್ಕೆ ಸೇರಿದ್ದ ಎರಡು ಗಣಕಗಳ ನಡುವೆ ಪತ್ರವನ್ನು ಕಳುಹಿಸಿದನು. ಆ ಯಂತ್ರಗಳು ಅಕ್ಕಪಕ್ಕದಲ್ಲಿಯೇ ಇದ್ದುವು. ವ್ಯಕ್ತಿಯ ಹೆಸರನ್ನು ಯಂತ್ರದ ಹೆಸರಿನಿಂದ ಬೇರ್ಪಡಿಸಲು ಆತನು ಆರಿಸಿದ @ ಚಿಹ್ನೆಯೇ ಇಂದಿಗೂ ನಮ್ಮೆಲ್ಲರ ವಿಳಾಸಗಳಲ್ಲಿದೆ.

ಹಾಳೆಗೂ ಅಂಚೆಗೂ ಸೇತುವೆಯಾದುದು ಇವೆರಡಕ್ಕೂ ಸೇರದ ಮೂರನೆಯ ಒಂದು ಕ್ಷೇತ್ರ, ಎಂದರೆ ಅಂತರಜಾಲದ ವಿಳಾಸ ಪದ್ಧತಿ. 1994ರ ಡಿಸೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯಲ್ಲಿ 'ಮೇಲ್‌ಟು' ಎಂಬ ಬಗೆಯ ವಿಳಾಸವನ್ನು ಗೊತ್ತುಪಡಿಸಿದರು. ಮೊದಲು ಅದರಲ್ಲಿ ಪತ್ರ ಪಡೆಯುವವನ ವಿಳಾಸಕ್ಕೆ ಮಾತ್ರ ಸ್ಥಳವಿತ್ತು. 1998ರ ಪರಿಷ್ಕರಣದಲ್ಲಿ ವಿಷಯವನ್ನೂ ಒಕ್ಕಣೆಯನ್ನೂ ಸೇರಿಸಲು ಅವಕಾಶ ದೊರೆಯಿತು. 2010ರಲ್ಲಿ ಅದು ಮತ್ತೊಮ್ಮೆ ಪರಿಷ್ಕಾರಗೊಂಡು, ಇಂಗ್ಲಿಷಲ್ಲದ ಲಿಪಿಗಳನ್ನು ಬರೆಯುವ ಕ್ರಮವೂ ಸ್ಪಷ್ಟವಾಯಿತು. ನಮ್ಮ ಗುಂಡಿಯು ಈ ಮೇಲ್‌ಟು ವಿಳಾಸವನ್ನೇ ಆಶ್ರಯಿಸಿ ನಿಂತಿದೆ.

ವಿಳಾಸದ ವ್ಯಾಕರಣ

ಮೇಲ್‌ಟು ವಿಳಾಸವು ಆದಿಯಿಂದ ಅಂತ್ಯದವರೆಗೆ ಒಂದೇ ಉದ್ದನೆಯ ಸಾಲು. ಅದರ ರೂಪವನ್ನು ಕನ್ನಡ ಪದಗಳಲ್ಲಿ ಹೀಗೆ ತೋರಿಸಬಹುದು:

ಮೇಲ್‌ಟು:ವಿಳಾಸ?ವಿಷಯ=ಸಹಾಯ&ಒಕ್ಕಣೆ=ವಿವರ

ಯಂತ್ರಕ್ಕೆ ಕೊಡುವಾಗ ಮೇಲ್‌ಟು, ವಿಷಯ, ಒಕ್ಕಣೆ ಎಂಬ ಮೂರು ಸಂಕೇತಪದಗಳು ಇಂಗ್ಲಿಷಿನಲ್ಲಿಯೇ ಇರಬೇಕೆಂಬುದನ್ನು ಮರೆಯಕೂಡದು. ಇಲ್ಲಿ ಒಂದೊಂದು ಚಿಹ್ನೆಗೂ ಒಂದೊಂದು ಕರ್ತವ್ಯವುಂಟು. ಪ್ರಶ್ನಾರ್ಥಕ ಚಿಹ್ನೆಯು ವಿಳಾಸವು ಮುಗಿಯಿತೆಂದು ಸೂಚಿಸುತ್ತದೆ; ಸಮಚಿಹ್ನೆಯು ಹೆಸರನ್ನು ಅದರ ಬೆಲೆಯಿಂದ ಬೇರ್ಪಡಿಸುತ್ತದೆ; & ಚಿಹ್ನೆಯು ಒಂದು ಭಾಗ ಮುಗಿದು ಇನ್ನೊಂದು ಆರಂಭವಾಯಿತೆಂದು ಸಾರುತ್ತದೆ.

ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಈ ಚಿಹ್ನೆಗಳು ನಮ್ಮ ಮಾತಿನೊಳಗೇ ಬಂದರೆ ಗತಿಯೇನು? ನಮ್ಮ ಪುಸ್ತಕದ ಒಂದು ಹಾಳೆಗೆ 'ಉಷ್ಣ & ಬೆಳಕು' ಎಂದು ಹೆಸರಿಟ್ಟಿದ್ದೆವು. ಅಲ್ಲಿಂದ ಬಂದ ಪತ್ರಗಳ ವಿಷಯದಲ್ಲೆಲ್ಲ 'ಉಷ್ಣ' ಎಂದು ಮಾತ್ರ ಇರುತ್ತಿತ್ತು; ಬೆಳಕು ಕಾಣೆಯಾಗಿತ್ತು! ಯಂತ್ರವು ನಮ್ಮ & ಚಿಹ್ನೆಯನ್ನು ಭಾಗದ ಗಡಿಯೆಂದು ತಿಳಿದು, ಅಲ್ಲಿಯೇ ವಿಷಯವನ್ನು ಕತ್ತರಿಸಿತ್ತು.

ಇದಕ್ಕೆ ಪರಿಹಾರವೆಂದರೆ, ಗೊಂದಲ ಉಂಟುಮಾಡುವ ಅಕ್ಷರದ ಬದಲಿಗೆ ಅದರ ಸಂಕೇತಸಂಖ್ಯೆಯನ್ನು ಬರೆಯುವುದು. ಗಣಕದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಅದನ್ನು ಹದಿನಾರರ ಎಣಿಕೆಯಲ್ಲಿ ಎರಡು ಅಂಕಗಳಾಗಿ ಬರೆದು, ಹಿಂದೆ ಶೇಕಡಾ ಚಿಹ್ನೆಯನ್ನು ಇಡುತ್ತಾರೆ. ಪದಗಳ ನಡುವಣ ತೆರಪಿನ ಸಂಖ್ಯೆ 32. ಹದಿನಾರರ ಎಣಿಕೆಯಲ್ಲಿ ಅದು 20. ಆದುದರಿಂದ ತೆರಪಿಗೆ %20 ಎಂದು ಬರೆಯಬೇಕು. & ಚಿಹ್ನೆಯ ಸಂಖ್ಯೆ 38; ಅದು %26 ಆಗುತ್ತದೆ. ಶೇಕಡಾ ಚಿಹ್ನೆಯೇ ಮಾತಿನಲ್ಲಿ ಬಂದರೆ ಅದನ್ನು %25 ಎಂದು ಬರೆಯಬೇಕು. ಹೊಸ ಸಾಲನ್ನು ಆರಂಭಿಸಲು 13 ಮತ್ತು 10 ಎಂಬ ಎರಡು ಸಂಖ್ಯೆಗಳನ್ನು ಒಂದರ ಹಿಂದೆ ಒಂದರಂತೆ ಇದೇ ರೀತಿಯಲ್ಲಿ ಬರೆಯಬೇಕು. ಅಚ್ಚಿನ ತಲೆಯನ್ನು ಸಾಲಿನ ಆದಿಗೆ ತರುವುದು, ಕಾಗದವನ್ನು ಒಂದು ಸಾಲು ಮೇಲೇರಿಸುವುದು ಎಂಬ ಟೆಲಿಪ್ರಿಂಟರಿನ ಎರಡು ಚಲನೆಗಳ ನೆನಪು ಈ ಜೋಡಿಯಲ್ಲಿ ಉಳಿದುಬಂದಿದೆ.

ಕನ್ನಡ ಅಕ್ಷರಗಳ ಪಾಡೇನು? ಯೂನಿಕೋಡ್ ಪಟ್ಟಿಯಲ್ಲಿ 'ಕ' ಅಕ್ಷರದ ಸಂಖ್ಯೆ 3221. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸಲಾರದು. ಆದಕಾರಣ 1992ರಲ್ಲಿ ಕೆನ್ ಥಾಂಪ್‌ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಕ್ರಮದಂತೆ ಅದನ್ನು ಮೂರು ಬೈಟುಗಳಾಗಿ ಒಡೆಯುತ್ತಾರೆ. 3221ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 50, ಶೇಷ 21. ಈ ಎರಡಕ್ಕೂ 128ನ್ನು ಕೂಡಿಸಿದರೆ 178 ಮತ್ತು 149. ಮುಂದೆ ಇನ್ನೂ ಎರಡು ಬೈಟುಗಳಿವೆಯೆಂದು ಸೂಚಿಸುವ 224 ಮೊದಲಿಗೆ ನಿಲ್ಲುತ್ತದೆ. ಹೀಗೆ 'ಕ' ಎಂದರೆ 224, 178, 149. ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಗಳಿಂದ ಬರೆಯುವುದರಿಂದ, ಒಂದು ಕನ್ನಡ ಅಕ್ಷರವು ಒಂಬತ್ತು ಚಿಹ್ನೆಗಳಷ್ಟು ಉದ್ದವಾಗುತ್ತದೆ. ಗುಣಿತದ ಚಿಹ್ನೆ, ಒತ್ತಕ್ಷರವನ್ನು ಕಟ್ಟುವ ಅರ್ಧಾಕ್ಷರದ ಚಿಹ್ನೆ, ಇವೂ ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ. 'ಸಹಾಯ' ಎಂಬ ಪದಕ್ಕೆ 36 ಚಿಹ್ನೆಗಳು. 'ಪ್ರಶ್ನೆ' ಎಂಬುದಕ್ಕೆ 63!

ಈ ಲೆಕ್ಕವು ಕೇವಲ ಕುತೂಹಲಕ್ಕಲ್ಲ. ಮೇಲ್‌ಟು ಸಾಲನ್ನು ಸುಮಾರು 2,000 ಚಿಹ್ನೆಗಳೊಳಗೆ ಇರಿಸಿಕೊಳ್ಳುವುದು ಕ್ಷೇಮ. ಅದನ್ನು ಮೀರಿದರೆ ಅನೇಕ ಗಣಕಗಳಲ್ಲಿ ಸಾಲು ಮೊಟಕಾಗಬಹುದು ಅಥವಾ ಪತ್ರವೇ ತೆರೆಯದಿರಬಹುದು. ಇಂಗ್ಲಿಷಿನಲ್ಲಿ ಅದೊಂದು ಪುಟದಷ್ಟು ಬರಹವಾದರೆ, ಕನ್ನಡದಲ್ಲಿ 220 ಅಕ್ಷರಗಳಿಗೇ ಮಿತಿ ಮುಟ್ಟುತ್ತದೆ. ಆದುದರಿಂದ ಕನ್ನಡದಲ್ಲಿ ಗುಂಡಿಯನ್ನು ರಚಿಸುವವನು ತನ್ನ ಒಕ್ಕಣೆಯನ್ನು ತಂತಿ ಸಮಾಚಾರದಂತೆ ಚುಟುಕಾಗಿ ಬರೆಯಬೇಕು.

ಗುಂಡಿಯನ್ನು ಕೂರಿಸುವ ಬಗೆ

ಗುಂಡಿಯ ಹಿಂದಿರುವ ಮ್ಯಾಕ್ರೋ ಮಾಡಬೇಕಾದ ಕೆಲಸಗಳು ಮೂರು: ಸಂಗ್ರಹ, ಸಂಕೇತೀಕರಣ, ಹಸ್ತಾಂತರ. ಮೊದಲು ಅದು ಈಗ ತೆರೆದಿರುವ ಹಾಳೆಯ ಹೆಸರನ್ನೂ, ಬಳಕೆದಾರನು ನಿಂತಿರುವ ಮನೆಯ ಗುರುತನ್ನೂ ಎಕ್ಸೆಲ್ಲಿನಿಂದಲೇ ಕೇಳಿ ಪಡೆಯುತ್ತದೆ. ತರುವಾಯ ಆ ಮಾತುಗಳನ್ನು ಶೇಕಡಾ ಚಿಹ್ನೆಯ ಸಂಕೇತಕ್ಕೆ ತಿರುಗಿಸುತ್ತದೆ. 2013ರಿಂದ ವಿಂಡೋಸಿನ ಎಕ್ಸೆಲ್ಲಿನಲ್ಲಿ 'ಎನ್‌ಕೋಡ್ ಯುಆರ್‌ಎಲ್' ಎಂಬ ಸಿದ್ಧ ಸೂತ್ರವೇ ಇರುವುದರಿಂದ ಇದನ್ನು ಕೈಯಿಂದ ಮಾಡಬೇಕಾಗಿಲ್ಲ. ನಮ್ಮ ಹಾಳೆಯಲ್ಲಿ ಕಾಣೆಯಾಗಿದ್ದ ಬೆಳಕನ್ನು ಮರಳಿ ತಂದುದು ಈ ಸೂತ್ರವೇ. ಕೊನೆಗೆ ಸಿದ್ಧವಾದ ಮೇಲ್‌ಟು ಸಾಲನ್ನು 'ಫಾಲೋ ಹೈಪರ್‌ಲಿಂಕ್' ಎಂಬ ಆಜ್ಞೆಯಿಂದ ಹೊರಕ್ಕೆ ಒಪ್ಪಿಸುತ್ತದೆ. ಇವೆಲ್ಲವೂ ಸೇರಿ ಹತ್ತು ಸಾಲುಗಳನ್ನು ಮೀರುವುದಿಲ್ಲ.

ಹಿಂದಿನ ಆವೃತ್ತಿಗಳಲ್ಲಿ ಬೇಕಾದಷ್ಟು ಹೊಸ ಟೂಲ್‌ಬಾರುಗಳನ್ನು ಕಟ್ಟಬಹುದಾಗಿತ್ತು. ಎಕ್ಸೆಲ್ 2007ರಲ್ಲಿ ರಿಬ್ಬನ್ ಎಂಬ ಅಗಲವಾದ ಪಟ್ಟಿ ಬಂದ ಮೇಲೆ ಅವುಗಳ ಸ್ಥಾನವನ್ನು 'ಕ್ವಿಕ್ ಆಕ್ಸೆಸ್ ಟೂಲ್‌ಬಾರ್' ಎಂಬ ಕಿರುಪಟ್ಟಿ ವಹಿಸಿಕೊಂಡಿತು. ಅದರ ಆಯ್ಕೆಗಳನ್ನು ತೆರೆದು, ಆಜ್ಞೆಗಳ ಪಟ್ಟಿಯಲ್ಲಿ ಮ್ಯಾಕ್ರೋಗಳನ್ನು ಆರಿಸಿ, ನಮ್ಮದನ್ನು ಸೇರಿಸಿ, ಅದಕ್ಕೊಂದು ಚಿತ್ರವನ್ನು ಕೊಟ್ಟರೆ ಗುಂಡಿಯು ಸಿದ್ಧ. 'ಈ ಪುಸ್ತಕಕ್ಕೆ ಮಾತ್ರ' ಎಂಬ ಆಯ್ಕೆಯನ್ನು ಹಿಡಿದರೆ ಗುಂಡಿಯು ಕಡತದೊಡನೆಯೇ ಪ್ರಯಾಣ ಮಾಡುತ್ತದೆ. ಕಡತವನ್ನು ಮ್ಯಾಕ್ರೋ ಸಹಿತವಾದ ಎಕ್ಸ್‌ಎಲ್‌ಎಸ್‌ಎಂ ಬಗೆಯಲ್ಲಿ ಉಳಿಸಬೇಕು. ಇಲ್ಲದಿದ್ದರೆ ಗುಂಡಿಯ ಹಿಂದಿನ ಬುದ್ಧಿಯೇ ಅಳಿಸಿಹೋಗುತ್ತದೆ. ಹಣ ಕೊಡದೆ ಪಡೆಯಬಹುದಾದ ಲಿಬ್ರೆ ಆಫೀಸಿನ ಕ್ಯಾಲ್ಕಿನಲ್ಲಿಯೂ ಮೆನುವಿನ 'ಕಸ್ಟಮೈಜ್' ಎಂಬಲ್ಲಿ ಟೂಲ್‌ಬಾರಿಗೆ ಮ್ಯಾಕ್ರೋವನ್ನು ಸೇರಿಸಬಹುದಾಗಿದೆ.

ಇಷ್ಟೆಲ್ಲ ಶ್ರಮವೇಕೆ, ಹಾಳೆಯ ಒಂದು ಮನೆಯಲ್ಲಿಯೇ ಮೇಲ್‌ಟು ಕೊಂಡಿಯನ್ನು ಬರೆದರಾಗದೆ ಎಂದು ಕೆಲವರು ಕೇಳಬಹುದು. ಆಗುತ್ತದೆ, ಆದರೆ ಎರಡು ಕೊರತೆಗಳುಂಟು. ಕೊಂಡಿಯ ಸೂತ್ರದಲ್ಲಿ ವಿಳಾಸದ ಸಾಲು 255 ಚಿಹ್ನೆಗಳನ್ನು ಮೀರುವಂತಿಲ್ಲ. ಎಂದರೆ ಕನ್ನಡದಲ್ಲಿ 28 ಅಕ್ಷರಗಳಿಗೇ ಅದು ಭರ್ತಿ. ಎರಡನೆಯದು ಇನ್ನೂ ಮುಖ್ಯವಾದುದು. ಕೊಂಡಿಯನ್ನು ಒತ್ತಲು ಹೋದ ಬಳಕೆದಾರನು ತೊಡಕಿನ ಮನೆಯನ್ನು ಬಿಟ್ಟು ಕೊಂಡಿಯ ಮನೆಗೆ ಬಂದುಬಿಡುತ್ತಾನೆ. 'ಎಲ್ಲಿದ್ದೀರಿ?' ಎಂದು ಕೇಳುವಷ್ಟರಲ್ಲಿ ಆತನು ಅಲ್ಲಿರುವುದಿಲ್ಲ! ಟೂಲ್‌ಬಾರಾದರೋ ಹಾಳೆಯ ಹೊರಗಿದೆ. ಅದನ್ನು ಒತ್ತಿದರೆ ಒಳಗಿನ ಸ್ಥಿತಿ ಕದಲುವುದಿಲ್ಲ. ಬಿಸಿನೀರಿಗೆ ಇಳಿಬಿಟ್ಟ ಉಷ್ಣಮಾಪಕವು ನೀರಿನ ಉಷ್ಣತೆಯನ್ನೇ ತಗ್ಗಿಸುವಂತಿರಬಾರದೆಂದು ಪ್ರಯೋಗಶಾಲೆಯಲ್ಲಿ ಹೇಳುತ್ತೇವಲ್ಲವೆ? ಅದೇ ನ್ಯಾಯ ಇಲ್ಲಿಯೂ ಅನ್ವಯಿಸುತ್ತದೆ.

'ತೋರಿಸು' ಮತ್ತು 'ಕಳುಹಿಸು'

ಈಗ ಮುಖ್ಯವಾದ ಮಾತಿಗೆ ಬರೋಣ. ಗುಂಡಿಯು ಪತ್ರವನ್ನು ಕಳುಹಿಸುವುದಿಲ್ಲ. ಅದು ಮೇಲ್‌ಟು ಸಾಲನ್ನು ವಿಂಡೋಸಿನಂಥ ಕಾರ್ಯವ್ಯವಸ್ಥೆಗೆ ಒಪ್ಪಿಸುತ್ತದೆ. ಕಾರ್ಯವ್ಯವಸ್ಥೆಯು ಆ ಗಣಕದಲ್ಲಿ ಅಂಚೆಗೆಂದು ನೇಮಿಸಿದ ತಂತ್ರಾಂಶವನ್ನು ಎಬ್ಬಿಸುತ್ತದೆ. ಆ ತಂತ್ರಾಂಶವು ತುಂಬಿದ ಪತ್ರವನ್ನು ತೆರೆದಿಟ್ಟು ಸುಮ್ಮನಾಗುತ್ತದೆ. ಅದನ್ನು ಓದಿ, ತನ್ನ ಮಾತನ್ನು ಸೇರಿಸಿ, 'ಕಳುಹಿಸು' ಎಂಬುದನ್ನು ಒತ್ತುವವನು ಮನುಷ್ಯನೇ. ಇದು ಯಂತ್ರದ ದೌರ್ಬಲ್ಯವಲ್ಲ. ಪತ್ರದ ಪೂರ್ಣ ರೂಪವನ್ನೂ ಅದು ಯಾರಿಗೆ ಹೋಗುತ್ತದೆಂಬುದನ್ನೂ ಬಳಕೆದಾರನಿಗೆ ತೋರಿಸದೆ ಯಾವ ತಂತ್ರಾಂಶವೂ ಅದನ್ನು ಕಳುಹಿಸಬಾರದೆಂದು ಮೇಲ್‌ಟು ನಿಯಮಾವಳಿಯೇ ವಿಧಿಸಿದೆ.

ನೇರವಾಗಿ ಕಳುಹಿಸುವ ಬೇರೆ ಮಾರ್ಗಗಳಿಲ್ಲದೆ ಇಲ್ಲ. ವಿಂಡೋಸ್ ಗಣಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಔಟ್‌ಲುಕ್ ಅಂಚೆ ತಂತ್ರಾಂಶವನ್ನು ಎಕ್ಸೆಲ್ಲಿನ ಮ್ಯಾಕ್ರೋ ನೇರವಾಗಿ ಆಳಬಲ್ಲುದು. ಅಲ್ಲಿ ಪತ್ರವನ್ನು ರಚಿಸಿದ ಮೇಲೆ ಕೊನೆಯ ಆಜ್ಞೆ 'ಡಿಸ್‌ಪ್ಲೇ' ಎಂದಿದ್ದರೆ ಪತ್ರವು ಪರದೆಯ ಮೇಲೆ ಕಾಣಿಸುತ್ತದೆ. 'ಸೆಂಡ್' ಎಂದಿದ್ದರೆ ಹೊರಟೇಹೋಗುತ್ತದೆ. ಒಂದೇ ಪದದ ಅಂತರ! ಗೂಗಲ್ ಶೀಟ್ಸಿನಲ್ಲಿಯೂ ನಾವೇ ರಚಿಸಿದ ಮೆನುವಿನ ಮೂಲಕ ಪತ್ರವನ್ನು ನೇರವಾಗಿ ಕಳುಹಿಸಬಹುದು. ಅದು ಮೊದಲ ಸಲ ಮಾತ್ರ ಬಳಕೆದಾರನ ಅನುಮತಿಯನ್ನು ಕೇಳುತ್ತದೆ.

ಈ ಒಂದು ಪದದ ಬೆಲೆಯೇನೆಂಬುದನ್ನು ಜಗತ್ತು 1999ರ ಮಾರ್ಚ್ ತಿಂಗಳಿನಲ್ಲಿ ಕಂಡಿತು. ಮೆಲಿಸ್ಸಾ ಎಂಬ ಹೆಸರಿನ ಮ್ಯಾಕ್ರೋವೊಂದು ವರ್ಡ್ ಕಡತದೊಳಗೆ ಅಡಗಿ ಬರುತ್ತಿತ್ತು. ಕಡತವನ್ನು ತೆರೆದೊಡನೆ ಅದು ಔಟ್‌ಲುಕ್ಕಿನ ವಿಳಾಸಪುಸ್ತಕದ ಮೊದಲ 50 ವಿಳಾಸಗಳಿಗೆ, ಯಜಮಾನನಿಗೆ ಅರಿವಿಲ್ಲದಂತೆ, ತನ್ನನ್ನೇ ಲಗತ್ತಿಸಿ ಪತ್ರ ಬರೆಯುತ್ತಿತ್ತು. ಒಬ್ಬನಿಂದ 50, ಆ 50 ಮಂದಿಯೂ ತೆರೆದರೆ 2,500, ಮತ್ತೊಂದು ಹೆಜ್ಜೆಗೆ 1,25,000. ಪರಮಾಣುವಿನ ಸರಪಳಿ ಕ್ರಿಯೆಯನ್ನು ಓದಿದವರಿಗೆ ಈ ಗುಣಾಕಾರವು ಹೊಸದಲ್ಲ. ಪತ್ರಗಳ ಹೊರೆಯನ್ನು ತಾಳಲಾರದೆ ಅನೇಕ ಸಂಸ್ಥೆಗಳು ತಮ್ಮ ಅಂಚೆ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಸಹಾಯದ ಗುಂಡಿಗೂ ಈ ಪಿಡುಗಿಗೂ ಉಪಕರಣ ಒಂದೇ: ಮ್ಯಾಕ್ರೋ ಮತ್ತು ಅಂಚೆ. ವ್ಯತ್ಯಾಸವಿರುವುದು ಮನುಷ್ಯನಿಗೆ ತೋರಿಸುವುದರಲ್ಲಿ, ತೋರಿಸದಿರುವುದರಲ್ಲಿ.

ತರುವಾಯ ಕಾವಲು ಬಿಗಿಯಾಯಿತು. ಬೇರೊಂದು ತಂತ್ರಾಂಶವು ತನ್ನ ಮೂಲಕ ಪತ್ರ ಕಳುಹಿಸಲು ಯತ್ನಿಸಿದರೆ ಎಚ್ಚರಿಕೆ ನೀಡುವ ಏರ್ಪಾಡು 2000ರಲ್ಲಿ ಔಟ್‌ಲುಕ್ಕಿಗೆ ಬಂದಿತು. 2022ರಿಂದ ವಿಂಡೋಸಿನ ಎಕ್ಸೆಲ್, ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುತ್ತದೆ. ಆದಕಾರಣ ನಾವು ಇ-ಮೇಲಿನಲ್ಲಿ ಹಂಚಿದ ಪುಸ್ತಕದ ಗುಂಡಿಯು ವಿದ್ಯಾರ್ಥಿಯ ಗಣಕದಲ್ಲಿ ಮೊದಲಿಗೆ ನಿಶ್ಚೇಷ್ಟಿತವಾಗಿರಬಹುದು. ಕಡತದ 'ಪ್ರಾಪರ್ಟೀಸ್' ಪುಟದಲ್ಲಿ ತಡೆಯನ್ನು ತೆಗೆದ ಮೇಲೆಯೇ ಅದಕ್ಕೆ ಜೀವ ಬರುತ್ತದೆ. ಆದರೆ ಕೊಟ್ಟವರಾರೆಂದು ಬಲ್ಲ ಕಡತಕ್ಕೆ ಮಾತ್ರ ಈ ತಡೆಯನ್ನು ತೆಗೆಯತಕ್ಕದ್ದು. ಅಪರಿಚಿತನು ಕೊಟ್ಟ ಕಡತದ ಗುಂಡಿಯನ್ನು ಕುತೂಹಲಕ್ಕಾಗಿ ಒತ್ತಿ ನೋಡುವುದು, ಹೆಸರಿಲ್ಲದ ಸೀಸೆಯ ದ್ರವವನ್ನು ರುಚಿ ನೋಡಿದಂತೆಯೇ ಸರಿ.

ಬರೆಯಬೇಕಾದುದು, ಬಿಡಬೇಕಾದುದು

ಪತ್ರದಲ್ಲಿ ಯಂತ್ರವು ಯಾವುದನ್ನು ತುಂಬಬೇಕು? ಹಾಳೆಯ ಹೆಸರು, ಮನೆಯ ಗುರುತು, ಆ ಮನೆಯ ಬೆಲೆ, ಪುಸ್ತಕದ ಆವೃತ್ತಿ, ಎಕ್ಸೆಲ್ಲಿನ ಆವೃತ್ತಿ, ಇಷ್ಟು ಸಾಕು. ಎಕ್ಸೆಲ್ಲಿನ ಆವೃತ್ತಿಯ ಬಗ್ಗೆ ಒಂದು ಸೂಕ್ಷ್ಮವುಂಟು. 2016, 2019, 2021ರ ಎಕ್ಸೆಲ್‌ಗಳು ಮೂರೂ ತಮ್ಮ ಆವೃತ್ತಿಯನ್ನು 16.0 ಎಂದೇ ಹೇಳಿಕೊಳ್ಳುತ್ತವೆ. ಆದುದರಿಂದ 'ಬಿಲ್ಡ್' ಎಂಬ ನಿರ್ಮಾಣ ಸಂಖ್ಯೆಯನ್ನೂ ಜೊತೆಗೆ ಕೇಳಿಕೊಳ್ಳಬೇಕು. ಇವುಗಳ ಕೆಳಗೆ 'ನೀವು ಏನನ್ನು ನಿರೀಕ್ಷಿಸಿದ್ದಿರಿ? ಏನು ಬಂದಿತು?' ಎಂಬ ಎರಡು ಪ್ರಶ್ನೆಗಳಿಗೆ ಜಾಗ ಬಿಡಬೇಕು. ಇವುಗಳಿಗೆ ಮಾತ್ರ ಯಂತ್ರವು ಉತ್ತರ ಹೇಳಲಾರದು.

ಬಿಡಬೇಕಾದುದು ಇದಕ್ಕಿಂತ ದೊಡ್ಡದು. ವಿದ್ಯಾರ್ಥಿಯ ಹಾಳೆಯಲ್ಲಿ ಆತನ ಅಂಕಗಳಿರಬಹುದು. ಅಂಗಡಿಯವನ ಹಾಳೆಯಲ್ಲಿ ಸಾಲಗಾರರ ಹೆಸರುಗಳಿರಬಹುದು. ಕೇಳಿದ ಮನೆಯೊಂದನ್ನು ಬಿಟ್ಟು ಉಳಿದ ಮನೆಗಳಿಗೆ ಇಣುಕುವ ಹಕ್ಕು ಸಹಾಯ ಮಾಡುವವನಿಗಿಲ್ಲ. ಮೇಲ್‌ಟು ನಿಯಮಾವಳಿಯಲ್ಲಿ ಕಡತವನ್ನು ಲಗತ್ತಿಸುವ ಅವಕಾಶವಿಲ್ಲವೆಂದು ಕೆಲವರು ಕೊರಗುತ್ತಾರೆ. ನಮಗೆ ಅದು ಒಂದು ಅನುಕೂಲವೆಂದೇ ತೋರುತ್ತದೆ. ಇಡೀ ಹಾಳೆಯನ್ನು ಕಳುಹಿಸಬೇಕಾದರೆ ಅದರ ಯಜಮಾನನೇ ತನ್ನ ಕೈಯಾರೆ ಲಗತ್ತಿಸಲಿ.

ಇನ್ನೊಂದು ಎಚ್ಚರಿಕೆ. ಕಾಲೇಜಿನ ಪ್ರಯೋಗಶಾಲೆಯ ಗಣಕಗಳಲ್ಲಿ ಅನೇಕ ವೇಳೆ ಅಂಚೆಯ ತಂತ್ರಾಂಶವನ್ನು ಯಾರೂ ಸಿದ್ಧಗೊಳಿಸಿರುವುದಿಲ್ಲ. ಅಂಥಲ್ಲಿ ಗುಂಡಿಯನ್ನು ಒತ್ತಿದರೆ ಏನೂ ಆಗದಿರಬಹುದು, ಇಲ್ಲವೆ ಹೊಸ ಖಾತೆಯ ವಿವರಗಳನ್ನು ಕೇಳುವ ಕಿಟಕಿಯೊಂದು ತೆರೆದು ವಿದ್ಯಾರ್ಥಿಯನ್ನು ಗಾಬರಿಪಡಿಸಬಹುದು. ಆದಕಾರಣ ಪ್ರತಿಯೊಂದು ಹಾಳೆಯ ಮೇಲುತುದಿಯಲ್ಲಿ ಸಹಾಯದ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ಯಂತ್ರವು ಕೈಕೊಟ್ಟಾಗ ಮನುಷ್ಯನು ಅದನ್ನು ನೋಡಿ ಬರೆದುಕೊಳ್ಳುತ್ತಾನೆ.

ನಮ್ಮ ಪುಸ್ತಕಕ್ಕೆ ಗುಂಡಿಯನ್ನು ಕೂರಿಸಿದ ಮರುವರ್ಷ ಮತ್ತೊಬ್ಬ ವಿದ್ಯಾರ್ಥಿಯಿಂದ ಪತ್ರ ಬಂದಿತು. ಯಂತ್ರವು ಬರೆದಿದ್ದುದು ಹೀಗೆ: 'ಹಾಳೆ: ಸರಳ ಲೋಲಕ. ಮನೆ: ಡಿ 7. ಬೆಲೆ: 100.' ಕೆಳಗೆ ವಿದ್ಯಾರ್ಥಿಯು ಬರೆದಿದ್ದುದು: "9.8 ಬರಬೇಕು, 981 ಬಂದಿದೆ, ಸರ್." ಮನೆಯ ಪಕ್ಕದಲ್ಲಿ ಆ ವೇಳೆಗೆ 'ಮೀಟರಿನಲ್ಲಿ' ಎಂದು ಬರೆದಿದ್ದರೂ ಆತನ ಕಣ್ಣು ಅದನ್ನು ತಪ್ಪಿಸಿತ್ತು. "ನಿಮ್ಮ ಅಳತೆ ಸರಿಯಾಗಿದೆ, ಮಾನವನ್ನು ಮಾತ್ರ ನೋಡಿ, 100ರ ಬದಲು 1 ಎಂದು ತುಂಬಿ" ಎಂದು ಉತ್ತರಿಸಲು ನಮಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಆತನ ರೆಕಾರ್ಡಿನಲ್ಲಿ ಆತನೇ ಅಳೆದ ಸಂಖ್ಯೆಗಳು ಹಾಗೆಯೇ ಉಳಿದುವು. ಹಿಂದಿನ ವರ್ಷದ ಆ ವಿದ್ಯಾರ್ಥಿನಿಗೂ ನಾವು ಇದನ್ನು ತಿಳಿಸಿ, ಆಕೆ ಹೊಡೆದುಹಾಕಿದ್ದ ಸಾಲುಗಳ ಪಕ್ಕದಲ್ಲಿ 'ಸರಿ' ಎಂದು ಬರೆದು ಸಹಿ ಮಾಡಿದೆವು.